ಹಳೇ ಶೆವಿ ಇಂಜಿನ್ ರೀಬಿಲ್ಡ್ ಮಾಡಿಸೋರು ಮೊದಲ ಅರ್ಧ ಗಂಟೆ ಹುಷಾರು

ಇಲ್ಲಿ ಒಹಾಯೋದಲ್ಲಿ ನಂಗಾಗಿದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ಬರೀತಿದೀನಿ, ಅಮೆರಿಕದಲ್ಲಿದ್ದು ಹಳೇ ಗಾಡಿ ಹುಚ್ಚು ಹತ್ತಿಸ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ.

ನನ್ನದು 1972ರ ಶೆವರ್ಲೆ ಸಿ10 ಪಿಕಪ್, 350 ವಿ8. ಈ ಇಂಜಿನ್‌ಗೆ ಸಾವೇ ಇಲ್ಲ ಅಂತಾರೆ ಎಲ್ರೂ, ಬ್ಲಾಕು ಹೆಡ್ಡು ಎರಡೂ ಎರಕದ ಕಬ್ಬಿಣ, ಗಟ್ಟಿ ಅನ್ನೋದು ನಿಜಾನೇ. ಆದ್ರೆ 1987ಕ್ಕಿಂತ ಮುಂಚಿನ ಸ್ಮಾಲ್ ಬ್ಲಾಕ್ ಶೆವಿಗಳಲ್ಲಿ (350 ಇದೇ ಕುಟುಂಬದ ಇಂಜಿನ್) ವಾಲ್ವ್ ತೆರೆಯೋಕೆ ಮೇಲಕ್ಕೆ ತಳ್ಳೋ ಲಿಫ್ಟರ್‌ಗೆ ರೋಲರ್ ಇರಲ್ಲ, ಅದರ ತಳ ನೇರವಾಗಿ ಕ್ಯಾಮ್ ಲೋಬ್ (ಕ್ಯಾಮ್ ಶಾಫ್ಟಿನ ಉಬ್ಬು, ಲಿಫ್ಟರನ್ನ ಎತ್ತೋದು ಇದೇ) ಮೇಲೇ ಉಜ್ಜಾಡುತ್ತೆ, ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕಚ್ಚದ ಹಾಗೆ ನೋಡ್ಕೊಳ್ಳೋದು ಆಯಿಲ್‌ನಲ್ಲಿರೋ ಝಡ್‌ಡಿಡಿಪಿ, ಅಂದ್ರೆ ಜಿಂಕು ಫಾಸ್ಫರಸ್ಸು. ಈ ಫಾಸ್ಫರಸ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನ ಹಾಳು ಮಾಡುತ್ತೆ ಅಂತ 2004ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ಗ್ರೇಡಿಂದ 5ಡಬ್ಲ್ಯೂ-30 ತರದ ಆಯಿಲ್‌ಗಳಲ್ಲಿ ಅದನ್ನ 0.08 ಪರ್ಸೆಂಟ್‌ಗೆ ಇಳಿಸಿಬಿಟ್ರು. ಈಗಿನ ಕಾರಿಗೆ ಏನೂ ತೊಂದ್ರೆ ಇಲ್ಲ, ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್, ಅಂದ್ರೆ ರೋಲರ್ ಇಲ್ಲದ ಲಿಫ್ಟರಿನ ಕ್ಯಾಮ್, ಹಾಕಿದ ಹಳೇ ಇಂಜಿನ್‌ಗೆ ಮಾತ್ರ ಅದು ಸಾಲಲ್ಲ.

ನಾನು ಕೊಟ್ಟ ಶಾಪ್‌ನೋರು ಹೊಸ ಕ್ಯಾಮು ಲಿಫ್ಟರು ಹಾಕಿ, ಮಾಮೂಲಿ 5ಡಬ್ಲ್ಯೂ-30 ಸುರಿದು, ಸ್ಟಾರ್ಟ್ ಮಾಡಿ ಐಡಲಿಂಗಲ್ಲೇ ಬಿಟ್ಕೊಂಡು ನಿಧಾನಕ್ಕೆ ಟೈಮಿಂಗು ಕಾರ್ಬ್ಯುರೇಟರು ಸೆಟ್ ಮಾಡಿದಾರೆ, ಇದು ಆಮೇಲೆ ಅವರ ಬಾಯಿಂದಲೇ ಬಂತು. ಈ ಇಂಜಿನ್‌ನಲ್ಲಿ ಲೋಬ್‌ಗೆ ಆಯಿಲ್ ಬೀಳೋದೇ ಕ್ರ್ಯಾಂಕ್ ತಿರುಗೋವಾಗ ಎರಚಿದ್ರೆ, ಐಡಲಿಂಗಲ್ಲಿ ಅದು ಸಾಕಾಗಲ್ಲ! ಅದಕ್ಕೇ ಮೊದಲ ಸ್ಟಾರ್ಟ್ ಆದ ತಕ್ಷಣ 2000ದಿಂದ 2500 ಆರ್‌ಪಿಎಂಗೆ ಏರಿಸಿ 20-30 ನಿಮಿಷ ಇಳಿಸದೇ ಓಡಿಸ್ಬೇಕು.

ಸ್ವಲ್ಪ ದಿನಕ್ಕೇ ಪವರ್ ಇಳೀತು, ಟಕಟಕ ಸದ್ದು, ಕಾರ್ಬ್ಯುರೇಟರಿಂದ ಪಟ್ ಪಟ್ ಅಂತ ಹಿಮ್ಮುಖ ಹೊಡೆತ. ಆಯಿಲ್ ಇಳಿಸಿದ್ರೆ ಬೆಳ್ಳಿ ಪುಡಿ ಕಲಸಿದ ಹಾಗೆ ಮಿಣಮಿಣ, ಫಿಲ್ಟರ್ ಕೊಯ್ದು ನೋಡಿದ್ರೆ ಮಡಿಕೆ ಮಡಿಕೆಯಲ್ಲೂ ಲೋಹದ ಚೂರು. ಲಿಫ್ಟರ್ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರ್ಬೇಕು, ಅದು ಲೋಬ್ ಮೇಲೆ ತಿರುಗೋದೇ ಅದರಿಂದ, ನನ್ನದರಲ್ಲಿ ಗುಳಿ ಬಿದ್ದಿತ್ತು, ಎರಡು ಲೋಬ್‌ಗಳ ಮೂಗೇ ಸವೆದು ಹೋಗಿತ್ತು. ಆ ಪುಡಿ ಮೇನ್ ಬೇರಿಂಗ್ ತನಕ ಹೋಗಿ ಗೀರಿದೆ, ಅಂದ್ರೆ ಪೂರ್ತಿ ಇಂಜಿನ್ ಮತ್ತೆ ಬಿಚ್ಚಬೇಕು. ಶಾಪ್‌ನೋರು ಪಾರ್ಟೇ ಸರಿ ಇರ್ಲಿಲ್ಲ ಅಂತ ಕೈ ತೊಳ್ಕೊಂಡ್ರು, ದುಡ್ಡು ಹೋಗಿದ್ದು ನಂದು. ಹೊಟ್ಟೆ ಉರಿಯುತ್ತೆ.

ದುಡ್ಡು ಕೊಡೋ ಮುಂಚೆನೇ ಯಾವ ಬ್ರೇಕ್-ಇನ್ ಆಯಿಲ್ (ಹೊಸ ಇಂಜಿನ್ನಿನ ಮೊದಲ ಓಟಕ್ಕೆ ಹಾಕೋ ಆಯಿಲ್) ಹಾಕ್ತೀರಾ, ಲೋಬ್‌ಗೆ ಅಸೆಂಬ್ಲಿ ಲೂಬ್ (ಜೋಡಿಸೋವಾಗ ಬಳಿಯೋ ಗಟ್ಟಿ ಜಿಡ್ಡು) ಹಚ್ತೀರಾ, ಸ್ಟಾರ್ಟ್‌ಗೆ ಮುಂಚೆ ಆಯಿಲ್ ಪಂಪ್ ಪ್ರೈಮ್ ಮಾಡ್ತೀರಾ (ಅಂದ್ರೆ ಮೊದಲೇ ಪಂಪ್ ತಿರುಗಿಸಿ ಒಳಗೆಲ್ಲಾ ಆಯಿಲ್ ತಲುಪಿಸೋದು) ಅಂತ ಕೇಳಿ ಬರೆಸ್ಕೊಳ್ಳಿ, ಬಜೆಟ್ ಇದ್ರೆ ರೋಲರ್ ಕ್ಯಾಮೇ ಹಾಕ್ಸಿ. ಹೊಸದಾಗಿ ರೀಬಿಲ್ಡ್ ಆಗಿದೆ ಅಂತ ಮಾರೋ ಗಾಡಿ ತಗೊಳ್ಳೋರು ವಾಲ್ವ್ ಕವರ್ ತೆಗೆಸಿ, ಇಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವ್ ಒತ್ತೋ 16 ರಾಕರೂ ಸರಿಯಾಗಿ ಏಳುತ್ತಾ ನೋಡಿ, ಇನ್‌ಟೇಕ್‌ನ ಇನ್‌ಟೇಕ್ ಜೊತೆಗೇ, ಎಕ್ಸಾಸ್ಟ್‌ನ ಎಕ್ಸಾಸ್ಟ್ ಜೊತೆಗೇ ಹೋಲಿಸಿ. ಒಂದು ಕಮ್ಮಿ ಎದ್ರೂ ಆ ಗಾಡಿ ಬೇಡ.