ಸೆಪುಲ್ಟುರಾನೋ ಆಂಗ್ರಾನೋ?
ಬ್ರೆಜಿಲ್‌ನ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಎಲ್ಲಿಂದ ಶುರು ಮಾಡಲಿ ಅನ್ನುವವರು 1996ರ ಎರಡು ಆಲ್ಬಂ ಎದುರುಬದುರು ಇಟ್ಟುಕೊಂಡು ಕೇಳಿ: ಸೆಪುಲ್ಟುರಾದ ‘ರೂಟ್ಸ್’, ಆಂಗ್ರಾದ ‘ಹೋಲಿ ಲ್ಯಾಂಡ್’.

ಸೆಪುಲ್ಟುರಾ 1984ರಲ್ಲಿ ಬೆಲೊ ಹೊರಿಜಾಂಚಿಯಲ್ಲಿ ಕವಲೇರಾ ಅಣ್ಣತಮ್ಮಂದಿರು ಕಟ್ಟಿದ ತಂಡ. ಮೊದಮೊದಲು ಬರೀ ವೇಗ, ಬರೀ ಅಬ್ಬರ. ‘ರೂಟ್ಸ್’ ಹೊತ್ತಿಗೆ ವೇಗ ತಗ್ಗಿ ತಾಳ ಮುಂದೆ ಬಂತು. ಬಹಿಯಾದ ತಾಳವಾದಕ ಕಾರ್ಲಿನ್ಯೊಸ್ ಬ್ರೌನ್ ಜೊತೆಗೂಡಿದರು. ತಂಡ ಶವಾಂಟೆ ಆದಿವಾಸಿಗಳ ಊರಿಗೇ ಹೋಗಿ ಅವರೊಂದಿಗೆ ಹಾಡಿ ಧ್ವನಿಮುದ್ರಿಸಿಕೊಂಡಿತು. ತೀರಾ ಕೆಳಸ್ಥಾಯಿಗೆ ಇಳಿಸಿದ ಗಿಟಾರು ಗುಡುಗುತ್ತಿರುವಾಗ ನಡುವೆ ಒಂಟಿ ತಂತಿಯ ಬೆರಿಂಬಾವ್ ಟಿಂಗೆನ್ನುತ್ತದೆ. ಹೆಡ್‌ಫೋನ್ ಹಾಕಿದರೆ ಮಾತ್ರ ಅದರ ಮಜಾ. ಅದೇ ವರ್ಷದ ಕೊನೆಗೆ ಗಾಯಕ ಮ್ಯಾಕ್ಸ್ ಕವಲೇರಾ ತಂಡ ಬಿಟ್ಟು, ಆಮೇಲೆ ಸೋಲ್‌ಫ್ಲೈ ಎಂಬ ಬೇರೆ ತಂಡ ಕಟ್ಟಿದರು. ಆ ನಂತರದ ಸೆಪುಲ್ಟುರಾ ನನಗೆ ಅಷ್ಟಕ್ಕಷ್ಟೆ.

ಆಂಗ್ರಾದ ದಾರಿಯೇ ಬೇರೆ. 1991ರಲ್ಲಿ ಸಾವೊ ಪಾವ್ಲೊದಲ್ಲಿ ಹುಟ್ಟಿದ ತಂಡ. ಆಗಿನ ಗಾಯಕ ಆಂದ್ರೆ ಮಾಟೊಸ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಓದಿಕೊಂಡಿದ್ದವರು. ಯುರೋಪಿಯನ್ನರು ಬ್ರೆಜಿಲ್‌ಗೆ ಬಂದಿಳಿದ ಕಾಲವೇ ‘ಹೋಲಿ ಲ್ಯಾಂಡ್’ನ ವಸ್ತು. ಪಿಯಾನೊ, ವೃಂದಗಾನ, ಬ್ರೆಜಿಲ್‌ನ ತಾಳ ಎಲ್ಲವೂ ಉಂಟು. ಒಂದು ಹಾಡಂತೂ ಹತ್ತು ನಿಮಿಷ ದಾಟುತ್ತದೆ, ಆದರೂ ಬೇಸರವಿಲ್ಲ.

ಕಿರುಚುವ ದನಿ ಆಗಿಬರದಿದ್ದರೆ ಆಂಗ್ರಾ ಹಿಡಿಯಿರಿ. ತಾಳದ ಹುಚ್ಚಿದ್ದರೆ ‘ರೂಟ್ಸ್’. ನನ್ನ ಓಟೂ ಅದಕ್ಕೇ. ಸ್ಪ್ಯಾನಿಷ್ ಸಾಲುಗಳೇ ಬೇಕೆಂದರೆ ಮಾತ್ರ ಬ್ರೆಜಿಲ್ ಬಿಟ್ಟು ಅಮೆರಿಕದ ನ್ಯೂಜೆರ್ಸಿಯ ಇಲ್ ನಿನ್ಯೊ ತಂಡವನ್ನು ಕೇಳಿ. 2001ರ ಅವರ ಮೊದಲ ಆಲ್ಬಮ್ಮೇ ಸಾಕು.