ಟೇಪ್ ಬ್ಯಾಕಪ್ ಇದೆ ಅಂತ ನಂಬಿ ಕೂತವರೇ, ಇವತ್ತೇ ಆ ಟೇಪ್ ಓದಿ ನೋಡಿ

ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತೀನಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಇರೋದು ಒಂದೇ ಲಿನಕ್ಸ್ ಸರ್ವರ್. ಲೆಕ್ಕ, ಬಿಲ್ ಎಲ್ಲಾ ನೋಡಿಕೊಳ್ಳೋ ಇಆರ್‌ಪಿ ಸಾಫ್ಟ್‌ವೇರ್ ಅದರಲ್ಲೇ, ಡ್ರಾಯಿಂಗ್‌ಗಳೂ ಅದರಲ್ಲೇ. ಬ್ಯಾಕಪ್‌ಗೆ ಎಲ್‌ಟಿಒ-5 ಅನ್ನೋ ಟೇಪ್ ಡ್ರೈವ್ ತಗೊಂಡು, ಸೆಟಪ್‌ಗೆ ಒಂದು ಏಜೆನ್ಸಿಗೆ ಬೇರೆ ದುಡ್ಡು ಕೊಟ್ವಿ. ಬಂದ ಎಂಜಿನಿಯರ್ ಊಟದ ಹೊತ್ತಿಗೆ ಸ್ಕ್ರಿಪ್ಟ್ ಬರೆದು, ದಿನಾ ಹೊತ್ತಿಗೆ ಸರಿಯಾಗಿ ತಾನೇ ಓಡಿಸೋ ಕ್ರಾನ್‌ಗೆ ಹಾಕಿ, "ದಿನಾ ಟೇಪ್ ಬದಲಾಯಿಸಿ ಸರ್, ಅಷ್ಟು ಸಾಕು" ಅಂದ. ನಾನು ರಿಪೋರ್ಟ್‌ಗೆ ಸಹಿ ಹಾಕಿದೆ.

ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ಮೇಲ್: ಬ್ಯಾಕಪ್ ಯಶಸ್ವಿ. ರಾತ್ರಿ ಮೂರು ಗಂಟೆ ಹೊತ್ತು ಡ್ರೈವ್ ಓಡ್ತಿತ್ತು. ಅನುಮಾನ ಯಾಕೆ ಬರುತ್ತೆ ಹೇಳಿ?

ಸರ್ವರ್‌ನ ಡಿಸ್ಕ್‌ಗಳು ರೇಡ್ 5ರಲ್ಲಿದ್ದವು, ಅಂದರೆ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತೆ, ಎರಡು ಹೋದರೆ ಇಲ್ಲ. ಅದರಲ್ಲಿ ಒಂದು ಡಿಸ್ಕ್ ಹೋಯ್ತು. ಹೊಸದು ಹಾಕಿ ರೀಬಿಲ್ಡ್ ಆಗ್ತಿರುವಾಗಲೇ ಇನ್ನೊಂದು ಹೋಯ್ತು. ಮಾಲೀಕರಿಗೆ "ಟೇಪ್ ಇದೆ ಸರ್, ಗಾಬರಿ ಬೇಡ" ಅಂತ ನಾನೇ ಹೇಳಿದೆ. ಅವರನ್ನ ಪಕ್ಕದಲ್ಲೇ ಕೂರಿಸಿಕೊಂಡು ಹಿಂದಿನ ರಾತ್ರಿಯ ಟೇಪ್ ಹಾಕಿ ಅದರಲ್ಲಿರೋ ಫೈಲ್‌ಗಳ ಪಟ್ಟಿ ತೆಗೆದೆ. ಕೆಲವೇ ಕ್ಷಣದಲ್ಲಿ ಮುಗೀತು. ಬರೀ ಇಟಿಸಿ ಫೋಲ್ಡರ್, ಅಂದರೆ ಸರ್ವರ್‌ನ ಸೆಟ್ಟಿಂಗ್ ಫೈಲ್‌ಗಳು. ಇಆರ್‌ಪಿ ಇಲ್ಲ, ಡ್ರಾಯಿಂಗ್ ಇಲ್ಲ. ಮುಂದಿನ ಫೈಲ್‌ಗೆ ಹೋಗು ಅಂದರೆ ಇನ್‌ಪುಟ್ ಔಟ್‌ಪುಟ್ ಎರರ್. ಸೋಮವಾರದ ಟೇಪ್ ಹಾಕಿದೆ. ಬರೀ ಇಟಿಸಿ. ಮಂಗಳವಾರದ್ದು. ಅದೇ. ಆರೂ ಟೇಪ್ ಅದೇ! ಮಾಲೀಕರು ಒಂದು ಮಾತೂ ಆಡದೆ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಒಂದೇ ಒಂದು ಅಕ್ಷರ. ಸ್ಕ್ರಿಪ್ಟ್‌ನಲ್ಲಿ ಸಾಲಾಗಿ ಮೂರು ಟಾರ್ (ಫೋಲ್ಡರನ್ನ ಕಟ್ಟಿ ಟೇಪ್‌ಗೆ ಒಂದೇ ಫೈಲಾಗಿ ಬರೆಯೋ ಕಮಾಂಡ್): ಮೊದಲು ಇಆರ್‌ಪಿಯ ಡೇಟಾಬೇಸ್, ಆಮೇಲೆ ಡ್ರಾಯಿಂಗ್, ಕೊನೆಗೆ ಇಟಿಸಿ. ಮೂರೂ ಎಸ್‌ಟಿ0ಗೆ; ಅದು ಲಿನಕ್ಸ್‌ನಲ್ಲಿ ಟೇಪ್ ಡ್ರೈವ್‌ಗೆ ಇರೋ ಒಂದು ಡಿವೈಸ್ ಹೆಸರು. ಆ ಡಿವೈಸ್ ಕೆಲಸ ಮುಗಿದ ತಕ್ಷಣ ಟೇಪನ್ನ ಮೊದಲಿಗೆ ಸುತ್ತಿಬಿಡುತ್ತೆ. ಹಾಗಾಗಿ ಒಂದರ ತಲೆ ಮೇಲೆ ಇನ್ನೊಂದು ಬರೆದುಕೊಂಡು ಹೋಗಿದೆ. ಹಾಕಬೇಕಿದ್ದದ್ದು ಸುತ್ತದೆ ನಿಂತಲ್ಲೇ ನಿಲ್ಲುವ ಎನ್‌ಎಸ್‌ಟಿ0. ಲಿನಕ್ಸ್‌ನ ಹಾಗೇ ಇರೋ ಸೋಲಾರಿಸ್, ಎಐಎಕ್ಸ್‌ನಂಥ ಯುನಿಕ್ಸ್ ಸಿಸ್ಟಂಗಳಲ್ಲೂ ಹೆಸರು ಬೇರೆ, ಕಥೆ ಇದೇ. ಟೇಪ್ ಮುಟ್ಟಿದವನಿಗೆ ಮೊದಲ ದಿನ ಹೇಳಿಕೊಡೋ ವಿಷಯ ಇದು. ಮೂರೂ ಟಾರ್ ತಪ್ಪಿಲ್ಲದೆ ಮುಗೀತಿದ್ದವು, ಅದಕ್ಕೇ "ಯಶಸ್ವಿ".

ಹೊಟ್ಟೆ ಉರಿಯೋದು ಇಲ್ಲಿ: ಡ್ರಾಯಿಂಗ್‌ಗಳ ಬಹುಭಾಗ ಆ ಟೇಪ್ ಮೇಲೆ ಈಗಲೂ ಇದೆ. ಆದರೆ ಇಟಿಸಿ ಮುಗಿದ ಜಾಗದಲ್ಲೇ "ಡೇಟಾ ಮುಗೀತು" ಅನ್ನೋ ಗುರುತು ಬಿದ್ದಿದೆ. ಅದನ್ನ ದಾಟಿ ಡ್ರೈವ್ ಓದೋದಿಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ ಮೊದಲ ಉತ್ತರ: "ಟೇಪ್ ಹಾಳಾಗಿರಬೇಕು ಸರ್." ಆರೂ ಹಾಳಾಗುತ್ತಾ? ಎರಡನೇ ಉತ್ತರ: "ಆ ಹುಡುಗ ಕೆಲಸ ಬಿಟ್ಟ." ಸ್ಕ್ರಿಪ್ಟ್ ಕಳಿಸಿ ಸಾಲು ತೋರಿಸಿದೆ. ಎರಡು ದಿನ ಬಿಟ್ಟು ಮೇಲ್ ಬಂತು: "ರೀಸ್ಟೋರ್ ಟೆಸ್ಟ್ ನಿಮ್ಮ ಪರ್ಚೇಸ್ ಆರ್ಡರ್‌ನಲ್ಲಿ (ಪಿಒ) ಇರಲಿಲ್ಲ. ರಿಪೋರ್ಟ್‌ಗೆ ತಾವೇ ಸಹಿ ಮಾಡಿದ್ದೀರಿ." ಜೊತೆಗೆ ನನ್ನ ಸಹಿಯ ಸ್ಕ್ಯಾನ್! ಬ್ಯಾಕಪ್ ಅಂದಮೇಲೆ ವಾಪಸ್ ಬರಬೇಕು ಅನ್ನೋದನ್ನ ಪಿಒದಲ್ಲಿ ಬೇರೆ ಬರೀಬೇಕಾ? ನನಗೆ ಇನ್ನೂ ಅರ್ಥ ಆಗಿಲ್ಲ.

ನಿಮ್ಮ ಸ್ಕ್ರಿಪ್ಟ್ ತೆಗೆದು ಡಿವೈಸ್ ಹೆಸರು ನೋಡಿ, ಈಗಲೇ. ಎಂಜಿನಿಯರ್ ಎದುರಲ್ಲೇ ಟೇಪ್ ರಿವೈಂಡ್ ಮಾಡಿಸಿ, ಎರಡನೇ, ಮೂರನೇ ಫೈಲ್‌ಗೆ ಹೋಗಿಸಿ, ಒಂದು ಡ್ರಾಯಿಂಗ್ ಬೇರೆ ಫೋಲ್ಡರ್‌ಗೆ ಇಳಿಸಿ ತೆರೆದು ತೋರಿಸು ಅನ್ನಿ. ತೋರಿಸೋವರೆಗೆ ಸಹಿ ಹಾಕಬೇಡಿ, ದುಡ್ಡೂ ಕೊಡಬೇಡಿ. "ಯಶಸ್ವಿ" ಮೇಲ್ ನಂಬಲೇಬೇಡಿ.

ನಮಗೆ ಕೊನೆಗೆ ಸಿಕ್ಕಿದ್ದು ಡಿಸೈನ್ ಹುಡುಗಿಯೊಬ್ಬಳು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದ ಕೆಲವು ಡ್ರಾಯಿಂಗ್. ಅಕೌಂಟ್ಸ್‌ನವರು ಈಗಲೂ ಕಾಗದದ ಬಿಲ್ ನೋಡಿ ಒಂದೊಂದೇ ಎಂಟ್ರಿ ಹೊಡೀತಿದ್ದಾರೆ. ನಾನು ಆ ರೂಮಿನ ಮುಂದೆ ಹಾದುಹೋಗೋದನ್ನೇ ಬಿಟ್ಟಿದ್ದೀನಿ.