ಗ್ಲೌಸ್ ಬಿಚ್ಚುವುದು ಕಲಿಸುವ ಹೊಳೆಯುವ ಲೋಷನ್: ಬಳಸಿ ನೋಡಿದ ಮೇಲೆ

ವಾರ್ಡಿನ ಟ್ರೈನಿಂಗಿಗೆ ಅಂತ ತರಿಸಿದ ಕಿಟ್ ಇದು. ಒಂದು ಬಾಟಲಿ ಲೋಷನ್, ಒಂದು ಯುವಿ ಟಾರ್ಚ್, ಅಷ್ಟೇ. ಗ್ಲೌಸ್ ಮೇಲೆ ಲೋಷನ್ ಹಚ್ಚಿಕೊಂಡು, ಅದೇ ರೋಗಿಯ ರಕ್ತವೋ ಲ್ಯಾಬಿನ ಕೆಮಿಕಲ್ಲೋ ಅಂದುಕೊಂಡು, ದಿನಾ ಬಿಚ್ಚುವ ಹಾಗೇ ಬಿಚ್ಚಬೇಕು. ಆಮೇಲೆ ಲೈಟ್ ಆರಿಸಿ ಟಾರ್ಚ್ ಹಿಡಿದರೆ ಚರ್ಮಕ್ಕೆ ಎಲ್ಲೆಲ್ಲಿ ತಗುಲಿದೆಯೋ ಅಲ್ಲೆಲ್ಲ ಹೊಳೆಯುತ್ತದೆ.

12 ವರ್ಷದಿಂದ ಗ್ಲೌಸ್ ಹಾಕಿ ಬಿಚ್ಚುತ್ತಿರುವವಳು ನಾನು, ನನಗೇನು ಇದರಿಂದ ಅಂತ ಸುಮ್ನೆ ಕೈ ಚಾಚಿದೆ. ಬಲ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ನೀಲಿ ಗೆರೆ! ಎಡಗೈ ಬೆರಳ ತುದಿಗಳೂ ಹೊಳೆದವು. ಎರಡನೇ ಗ್ಲೌಸಿನ ಒಳಗೆ ಬೆರಳು ತೂರಿಸಿ ಮಗುಚುವ ಬದಲು ಹೊರಗಿನಿಂದಲೇ ಹಿಡಿದು ಎಳೆದುಬಿಟ್ಟಿದ್ದೆ, ಅವಸರದಲ್ಲಿ ದಿನಾ ಮಾಡುವುದೂ ಅದನ್ನೇ ಇರಬೇಕು. ನಾನೊಬ್ಬಳೇ ಅಲ್ಲ ಬಿಡಿ. 2015ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ ಇಂಥದ್ದೇ ಲೋಷನ್ ಹಚ್ಚಿ ನೋಡಿದಾಗ, ಗ್ಲೌಸ್ ಅಥವಾ ಗೌನ್ ಬಿಚ್ಚುವಾಗ ಹೆಚ್ಚುಕಡಿಮೆ ಅರ್ಧದಷ್ಟು ಸಲ ಚರ್ಮಕ್ಕೋ ಬಟ್ಟೆಗೋ ತಗುಲಿತ್ತು.

ಕೈ ತೊಳೆಯುವ ಪಾಠಕ್ಕೆ ಇದು ಇನ್ನೂ ಚೆನ್ನಾಗಿದೆ, ಬರಿಗೈಗೆ ಲೋಷನ್ ಹಚ್ಚಿ, ತೊಳೆದು, ಟಾರ್ಚ್ ಹಿಡಿದರಾಯಿತು. ವಿಶ್ವ ಆರೋಗ್ಯ ಸಂಸ್ಥೆ ಸೋಪಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಅನ್ನುತ್ತದೆ. ನಮ್ಮಲ್ಲಿ ಬಹಳ ಜನ 15ಕ್ಕೆ ಮುಗಿಸಿದರು, ಉಗುರಿನ ಸಂದು, ಹೆಬ್ಬೆರಳಿನ ಬುಡ ಹಾಗೇ ಹೊಳೆಯುತ್ತಿತ್ತು. ಒಬ್ಬರು ಸ್ಯಾನಿಟೈಸರ್ ಉಜ್ಜಿಕೊಂಡು ಬಂದರು. ಲೋಷನ್ ಹೋಗುವುದಿರಲಿ, ಕೈ ತುಂಬ ಹರಡಿಕೊಂಡಿತ್ತು. ಕೆಮಿಕಲ್ ಬಿದ್ದಾಗಲೂ ಅದೇ ಕಥೆ, ಸ್ಯಾನಿಟೈಸರ್ ಅದನ್ನು ತೊಳೆದು ಹಾಕುವುದಿಲ್ಲ. ಭೇದಿ ತರುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಕಗಳೂ ಅದಕ್ಕೆ ಸಾಯುವುದಿಲ್ಲ, ಸೋಪು ನೀರೇ ಬೇಕು.

ಟಾರ್ಚ್ ಮಾತ್ರ ತೀರಾ ಸಾಧಾರಣ. 395 ನ್ಯಾನೋಮೀಟರ್ ತರಂಗಾಂತರದ್ದು, ಕಣ್ಣಿಗೆ ಕಾಣುವ ನೇರಳೆ ಬೆಳಕೇ ಜಾಸ್ತಿ, ಸಣ್ಣ ಕಲೆಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಗೆ ಸೇರಿಸುವ ಹೊಳಪುಕಾರಕವೂ ಯುವಿಗೆ ಹೊಳೆಯುತ್ತದೆ, ಆದ್ದರಿಂದ ಬಿಳಿ ಕೋಟು ಇಡೀ ಬೆಳಗಿ ಹೊಸಬಳೊಬ್ಬಳು ಹೆದರಿಯೇಬಿಟ್ಟಳು, ಪಾಪ. ಕಿಟ್ ಜೊತೆ ಬಂದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಡಬ್ಬದ ಮೇಲಿನ ಮಾತಿಗೆ. 'ನಿಮ್ಮ ಗ್ಲೌಸ್ ಎಷ್ಟು ಸುರಕ್ಷಿತ ನೋಡಿ' ಅಂತೆ. ಈ ಲೋಷನ್ ಪರೀಕ್ಷೆ ಮಾಡುವುದು ನಿಮ್ಮ ಕೈಚಳಕವನ್ನು, ಗ್ಲೌಸನ್ನಲ್ಲ. ತೂತೇ ಇಲ್ಲದ ಗ್ಲೌಸಿನ ಮೂಲಕವೂ ಕೆಲವು ಕೆಮಿಕಲ್ ಇಳಿಯುತ್ತವೆ, ಆಗ ಯಾವ ಟಾರ್ಚಿಗೂ ಏನೂ ಕಾಣುವುದಿಲ್ಲ. 1996ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಪ್ರೊಫೆಸರ್ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸ್ ಮೇಲೆ ಡೈಮಿಥೈಲ್ ಮರ್ಕ್ಯುರಿ ಅನ್ನುವ ಪಾದರಸದ ಕಡುವಿಷದ ಕೆಲವೇ ಹನಿ ಬಿದ್ದಿತ್ತು. ಆಮೇಲೆ ಪರೀಕ್ಷೆ ಮಾಡಿದಾಗ, ಅದು ಅಂಥ ಗ್ಲೌಸ್ ದಾಟಲು 15 ಸೆಕೆಂಡೂ ಬೇಡ ಅಂತ ತಿಳಿಯಿತು. ತಿಂಗಳುಗಟ್ಟಲೆ ಅವರಿಗೆ ಏನೂ ಗೊತ್ತಾಗಲಿಲ್ಲ. 1997ರ ಜೂನ್‌ನಲ್ಲಿ ಅದೇ ವಿಷದಿಂದ ತೀರಿಕೊಂಡರು. ಯಾವ ಕೆಮಿಕಲ್ಲಿಗೆ ಯಾವ ಗ್ಲೌಸ್, ಎಷ್ಟು ನಿಮಿಷ ತಡೆಯುತ್ತದೆ ಅನ್ನುವುದಕ್ಕೆ ಗ್ಲೌಸ್ ಕಂಪನಿಯವರ ಪಟ್ಟಿಯನ್ನೇ ನೋಡಬೇಕು. ಲ್ಯಾಬಿನವರು ಈ ಕಿಟ್ ಕೇಳಿದಾಗ ಆ ಪಟ್ಟಿಯನ್ನೂ ಪ್ರಿಂಟ್ ಹಾಕಿಸಿ ಡಬ್ಬದೊಳಗೆ ಇಟ್ಟೇ ಕೊಟ್ಟೆ.

5ಕ್ಕೆ ಮೂರೂವರೆ ಅಂಕ. ಲೋಷನ್ ಮುಗಿದರೆ ಮತ್ತೆ ಇದನ್ನೇ ತರಿಸುತ್ತೇನೆ. ಟಾರ್ಚ್ ಬೇರೆ ಕೊಂಡಾಯಿತು, 365 ನ್ಯಾನೋಮೀಟರಿನದು.